ನಮ್ಮಿಬ್ಬರದ ಗುಟ್ಟು

14-11-1999, ಭಾನುವಾರ

ಹಸಿರು ಬಣ್ಣ ಅಂತ ನನಗೆ ಮಾತು ಕೊಟ್ಟಿದ್ದ ಅಪ್ಪ, ಜಾವಾ ಬೈಕಿನ ಟ್ಯಾಂಕಿಗೆ ಕೊಟ್ಟೂರಿನಲ್ಲಿ ಕರಿ ಬಣ್ಣ ಹೊಡೆಸಿಕೊಂಡು ಬಂದ. "ನಿನ್ನ ತಮ್ಮ ಕರೀದ ಬೇಕಂದ. ಹೆಂಗೂ ಓಡ್ಸಾಂವ ಗಂಗಾಧರ ಅಲ್ಲೇನವ್ವಾ? ನೀ ಹೆಣ್ಮಗಳು."

ಯುಗಾದಿಯಿಂದ ಹಿತ್ತಲಲ್ಲಿ ಕೂತು ಅಜ್ಜನ ಆ ಗಾಡಿಯ ತುಕ್ಕು ಉಜ್ಜಿದವಳು ನಾನು. ಗಂಗಾಧರ ಒಂದು ನಟ್ಟನ್ನೂ ಮುಟ್ಟಿಲ್ಲ.

ಸಂಜೆ ಅವನು ಕಿಕ್ ಹೊಡೆದೂ ಹೊಡೆದೂ ಬೆವೆತುಹೋದ. ಗಾಡಿ ಕೆಮ್ಮಲೂ ಇಲ್ಲ. ಬಾಗಿಲಲ್ಲಿ ನಿಂತ ನನಗೆ ಒಳಗೊಳಗೇ ಖುಷಿ. ಆಗ ಅಪ್ಪ ಬಗ್ಗಿ ಹೇಳಿದ: "ಕಾರ್ಬೊರೇಟರ್ ಮ್ಯಾಲಿನ ಗುಂಡಿ ಒತ್ತಲೇ. ಬೆರಳಿಗೆ ಪೆಟ್ರೋಲ್ ಹತ್ತಬೇಕು, ಆಮ್ಯಾಲೆ ಹೊಡಿ."

ಒಂದೇ ಏಟಿಗೆ ಗುಡುಗಿತು.

"ಯಾರಿಗೂ ಹೇಳಬ್ಯಾಡ. ಇದು ನಮ್ಮಿಬ್ಬರದ ಗುಟ್ಟು," ಅಂತ ಅಪ್ಪ ಅವನ ಹೆಗಲು ತಟ್ಟಿದ.

ಶ್ರಾವಣದಲ್ಲಿ ಗಾಡಿಗೆ ಮೊದಲ ಸಲ ಜೀವ ಬಂದ ದಿನ, ನನ್ನ ಬೆರಳು ಹಿಡಿದು ಆ ಗುಂಡಿ ಒತ್ತಿಸಿದಾಗಲೂ ಅಪ್ಪ ಇದನ್ನೇ ಹೇಳಿದ್ದ. ಅಕ್ಷರಕ್ಕೆ ಅಕ್ಷರ. ನಾನು ಅವ್ವನಿಗೂ ಬಾಯಿ ಬಿಟ್ಟಿರಲಿಲ್ಲ. ಬಣ್ಣ ಹೋಗಲಿ, ಗಾಡಿಯೂ ಹೋಗಲಿ. ಆ ಮಾತನ್ನಾದರೂ ನನಗೆ ಬಿಡಬಾರದಿತ್ತೇ?

ನಾಳೆ ಬೆಳಿಗ್ಗೆ ಗಂಗಾಧರ ಅದೇ ಗಾಡಿಯಲ್ಲಿ ಹರಪನಹಳ್ಳಿಗೆ ಹೊರಡುತ್ತಾನೆ. "ಪೆಟ್ರೋಲ್ ಕಮ್ಮಿ ಐತಿ, ಆದ್ರ ರಿಸರ್ವ್ ಐತಲ್ಲ" ಎಂದು ಉಣ್ಣುವಾಗ ಅಂದ. ಟ್ಯಾಂಕಿನ ನಲ್ಲಿಯನ್ನು ರಿಸರ್ವ್‌ಗೆ ತಿರುಗಿಸಿದರೆ ಒಂದು ಹನಿಯೂ ಬರುವುದಿಲ್ಲ, ಆ ದಾರಿ ಕಟ್ಟಿಕೊಂಡಿದೆ. ಅದು ನನಗೊಬ್ಬಳಿಗೇ ಗೊತ್ತು.

ಹೇಳೋಣವೆಂದು ಎದ್ದೆ. ಮತ್ತೆ ಕೂತೆ.

ಯಾರಿಗೂ ಹೇಳಬ್ಯಾಡ ಅಂದವನು ಅಪ್ಪನೇ ಅಲ್ಲವೇ? ಗಾಡಿ ತಳ್ಳಲಿ.