ಪೈಪಿನ ಸದ್ದು

ಪೀಣ್ಯ, ಭಾನುವಾರ

ಸೀತಾಲಕ್ಷ್ಮಿಗೆ,

ಮೊನ್ನೆಯಿಂದ ಫೋನ್ ಎತ್ತುತ್ತಿಲ್ಲವೆಂದು ಸಿಟ್ಟಾಗಬೇಡ. ಮಗಳ ಬಾಣಂತನ ಮುಗಿಸಿಕೊಂಡೇ ಬಾ, ಅವಸರವೇನಿಲ್ಲ.

ನಮ್ಮ ಹಳೇ ಪೆಟ್ರೋಲ್ ಪಿಕಪ್ಪು ಹೊಗೆ ಪರೀಕ್ಷೆಯಲ್ಲಿ ಮತ್ತೆ ಫೇಲಾಯಿತು. ಕಾರ್ಬೊರೇಟರ್ ಬಿಚ್ಚಿ ತೊಳೆದರೂ ಇಂಜಿನ್ನಿನ ನಡುಕ ನಿಲ್ಲಲಿಲ್ಲ. ಯಾವುದೋ ರಬ್ಬರ್ ಪೈಪು ಬಿರುಕು ಬಿಟ್ಟು ಗಾಳಿ ಎಳೆಯುತ್ತಿದೆ ಅನ್ನಿಸಿತು. ಮೊದಲಾದರೆ ನೀನು ಊಟದ ಡಬ್ಬಿ ಹಿಡಿದು ಶೆಡ್ಡಿನ ಬಾಗಿಲಲ್ಲಿ ನಿಂತೇ, “ಅಲ್ಲಿ ಸುಯ್ ಅಂತಿದೆ ಕಣ್ರೀ” ಅನ್ನುತ್ತಿದ್ದೆ. ಈ ಸಲ ಮಡ್‌ಗಾರ್ಡಿನ ಮೇಲೆ ಅಂಗೈ ಇಟ್ಟುಕೊಂಡು, ಒಂದೊಂದೇ ಪೈಪಿಗೆ ನೀರು ಬಿಡುತ್ತಾ ಹೋದೆ. ಒಂದು ಕಡೆ ನೀರು ಬಿದ್ದ ಕೂಡಲೇ ನಡುಕ ತಗ್ಗಿತು. ಬಿರುಕು ಅಲ್ಲೇ ಇತ್ತು, ನೀರು ಅದನ್ನು ಮುಚ್ಚಿತ್ತು. ಹೊಸ ಪೈಪು ಹಾಕಿ ಪಾಸು ಮಾಡಿಸಿದೆ. ಶೆಡ್ಡಿನಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ.

ಸೀಟಿಯ ಲೆಕ್ಕ ತಪ್ಪಿ ಕುಕ್ಕರಿನಲ್ಲಿ ಅನ್ನ ಸೀದು ಹೋಗುತ್ತಿದೆ, ಹಾಗಾಗಿ ಪಾತ್ರೆಯಲ್ಲೇ ಬೇಯಿಸಿಕೊಳ್ಳುತ್ತೇನೆ. ಪಾತ್ರೆಯಾದರೆ ಎದುರು ನಿಂತು ನೋಡಬಹುದು.

ಇನ್ನೊಂದು ವಿಷಯ. ಇದಕ್ಕೆ ಫೋನ್ ಮಾಡಬೇಡ, ಕಾಗದದಲ್ಲೇ ಬರೆ. ಮೊನ್ನೆ ವಿಡಿಯೋದಲ್ಲಿ ಕೂಸನ್ನು ತೋರಿಸಿದೆಯಲ್ಲ, ಬಾಯಿ ಅಗಲ ತೆರೆದಿತ್ತು. “ಗಂಟಲು ಗಟ್ಟಿ ಕಣೇ” ಎಂದು ನಾನು ನಕ್ಕುಬಿಟ್ಟೆ.

ಅದು ಅಳುತ್ತಿತ್ತೋ, ಆಕಳಿಸುತ್ತಿತ್ತೋ?

ಇಂತಿ,
ವೆಂಕಟಾಚಲ