ಪೂರ್ವಪಕ್ಷದಲ್ಲೇ ಎದ್ದುಹೋದ ನಿಮ್ಮ ಮೊಮ್ಮಗಳು

ಪೂಜ್ಯ ಭಾವನವರಿಗೆ, ಮಹಡಿಯ ಪೋರ್ಷನ್ನಿನಲ್ಲಿರುವ ನಿಮ್ಮ ಭಾವಮೈದುನನ ಸಾಷ್ಟಾಂಗ ನಮಸ್ಕಾರಗಳು.

ಉಭಯಕುಶಲೋಪರಿ ಎಂದು ಬರೆಯಹೊರಟ ಕೈ ಅಲ್ಲಿಯೇ ನಿಂತಿತು. ಇತ್ತ ಅಕ್ಕ ಕ್ಷೇಮ, ಮಗ ಸೊಸೆಯರೂ ಕ್ಷೇಮ. ಭಗವಂತನ ಪಾದವನ್ನು ಸೇರಿದ ನಿಮ್ಮ ಕ್ಷೇಮವನ್ನು ವಿಚಾರಿಸುವ ಅಧಿಕಾರ ನನಗೆಲ್ಲಿಯದು? ಆದುದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿಮ್ಮ ಮೊಮ್ಮಗಳು ಮೇದಿನಿಯ ವಿಚಾರದಲ್ಲಿ ನನ್ನಿಂದ ಒಂದು ಪ್ರಮಾದ ಘಟಿಸಿದೆ. ಅದು ಪ್ರಮಾದವೇ, ಅಲ್ಲವೇ ಎಂಬುದೂ ನನಗೆ ನಿಶ್ಚಯವಾಗದೆ ನಿಮಗೆ ಬರೆಯುತ್ತಿದ್ದೇನೆ.

ಭಾನುವಾರದ ನಮ್ಮ ಗೋಷ್ಠಿ ನೆನಪಾಗುತ್ತದೆ. ಟಿ.ವಿ.ಯಲ್ಲಿ ಕಾರುಗಳ ಓಟ ಆರಂಭವಾಗುವ ಮುನ್ನ ನಮ್ಮಲ್ಲೊಬ್ಬರು ಪೂರ್ವಪಕ್ಷವನ್ನು ಹಿಡಿಯಬೇಕೆಂಬುದು ನೀವೇ ಮಾಡಿದ ನಿಯಮ. ಮಠದ ವಿದ್ವತ್ಸಭೆಯಲ್ಲಿ ನಡೆಯುವಂತೆಯೇ, ತಾನು ಒಪ್ಪದ ಮತವನ್ನು ಅದನ್ನು ಒಪ್ಪುವವನಿಗಿಂತಲೂ ಬಲವಾಗಿ ಮೊದಲು ಮಂಡಿಸುವುದು. ನಡುವೆ ಸಂಧ್ಯಾವಂದನೆಗೆ ಬಿಡುವು. ಅನಂತರ ಅದನ್ನು ಖಂಡಿಸಿ ತನ್ನ ಸಿದ್ಧಾಂತವನ್ನು ಸ್ಥಾಪಿಸುವುದು. ಪಲ್ಲಾವರಂನ ನಮ್ಮ ಮನೆಯ ಮೇಲೆ ವಿಮಾನ ಇಳಿಯುವಾಗ ನೀವು ಬೆರಳೆತ್ತಿ ವಾದವನ್ನು ತಡೆಯುತ್ತಿದ್ದಿರಿ. ಸದ್ದಡಗಿದೊಡನೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಿದ್ದಿರಿ. “ಕಾರು ಓಡ್ಸೋವ್ರು ಎಲ್ಲೋ ಇದಾರೆ, ಬೆವರು ಸುರಿಸೋವ್ರು ಮಾತ್ರ ಇಲ್ಲಿ” ಎಂದು ಅಕ್ಕ ಕಾಫಿಯ ಡಬರಾಗಳನ್ನು ಕುಕ್ಕಿ ಹೋಗುತ್ತಿದ್ದಳು.

ಮಣಲಿಯ ತೈಲ ಶುದ್ಧೀಕರಣ ಕಾರ್ಖಾನೆಯಿಂದ ಹಿಂದಿರುಗಿದಾಗ ನಿಮ್ಮ ಅಂಗಿಗೆ ಹತ್ತಿರುತ್ತಿದ್ದ ಪೆಟ್ರೋಲಿನ ವಾಸನೆ ಈಗ ಓಟದ ಸುದ್ದಿಯನ್ನು ಓದುವಾಗಲೆಲ್ಲ ನೆನಪಿಗೆ ಬರುತ್ತದೆ. ಹೊಸ ಕಾರುಗಳಲ್ಲಿ ಅರ್ಧದಷ್ಟು ಶಕ್ತಿ ವಿದ್ಯುತ್ತಿನದಂತೆ. ಬ್ಯಾಟರಿ ತುಂಬಿಸಿಕೊಳ್ಳಲು ಚಾಲಕನು ನಾಗಾಲೋಟದ ನಡುವೆಯೇ ವೇಗವನ್ನು ತಗ್ಗಿಸಬೇಕಂತೆ. ಇದು ಓಟವೋ, ಮಿತವ್ಯಯದ ಪಾಠವೋ? ಅಪಘಾತವಾದಾಗ ಎಲ್ಲರನ್ನೂ ಸೇಫ್ಟಿ ಕಾರ್ ಎಂಬ ರಕ್ಷಕ ಕಾರಿನ ಹಿಂದೆ ನಿಧಾನವಾಗಿ ಸಾಲುಗಟ್ಟಿಸಿ, ಮುಂದಿದ್ದವನು ಗಳಿಸಿದ ಅಂತರವನ್ನು ಅಳಿಸಿಬಿಡುವುದು ನ್ಯಾಯವೇ? ನ್ಯಾಯವಲ್ಲವೆಂದರೆ, ಅಲ್ಲಿ ಬಿದ್ದಿರುವವನ ಪ್ರಾಣ... ನೀವಿದ್ದಾಗ ಇವುಗಳಲ್ಲಿ ಒಂದಲ್ಲ ಒಂದು ಪಕ್ಷ ಸೋಲುತ್ತಿತ್ತು. ಈಗ ಎರಡನ್ನೂ ನಾನೊಬ್ಬನೇ ವಾದಿಸುತ್ತೇನೆ, ಎರಡೂ ಗೆಲ್ಲುತ್ತವೆ.

ಈ ವರ್ಷದ ಕೊನೆಯ ಎರಡು ಓಟಗಳು ಉಳಿದಿದ್ದಾಗ, ಒಂದು ಶನಿವಾರ ಸಂಜೆ ಮೇದಿನಿ ಮೆಟ್ಟಿಲು ಹತ್ತಿ ಬಂದಳು. ನೀವು ಹೋಗುವಾಗ ಅವಳಿನ್ನೂ ಕಾರ್ಟ್ ಎಂಬ ಪುಟ್ಟ ಬಂಡಿಯನ್ನು ಓಡಿಸುತ್ತಿದ್ದಳು. ಈಗ ಕಾಲೇಜಿನ ಕೊನೆಯ ವರ್ಷ. ಒಂದು ತಂಡದಲ್ಲಿ ಸೇರಿ ಒಂಟಿ ಆಸನದ ಓಟದ ಕಾರನ್ನೇ ಓಡಿಸುತ್ತಾಳೆ. ತಂಡದಲ್ಲಿ ಅವಳಿಗೆ ಜೊತೆಗಾರ ಅರುಳ್ ಎಂಬವನು.

“ತಾತಾ, ಟೀಮ್ ಆರ್ಡರ್. ನಾಳೆ ಅರುಳ್ ನನ್ನ ಹಿಂದೆ ಬಂದ್ರೆ ದಾರಿ ಬಿಡ್ಬೇಕಂತೆ. ಚಾಂಪಿಯನ್‌ಶಿಪ್ ಪಾಯಿಂಟ್ಸ್ ಅವನಿಗೇ ಜಾಸ್ತಿ ಇದೆಯಂತೆ. ಬಿಡ್ಲಾ, ಬೇಡ್ವಾ?”

“ನಿನಗೆ ಏನನ್ನಿಸತ್ತೆ?”

“ಅಳು ಬರತ್ತೆ, ಅಷ್ಟೆ. ಜೆಯಿಕ್ಕಿರ, ಗೆಲ್ಲೋ ಚಾನ್ಸ್ ಇದೇ ಫಸ್ಟ್ ತಾತಾ. ನೀವು ಕರೆಕ್ಟಾಗಿ ಹೇಳ್ತೀರಾ ಅಂತ ಬಂದೆ.”

ಇದೇ ಪ್ರಶ್ನೆ ದೊಡ್ಡ ದೊಡ್ಡ ಓಟಗಳಲ್ಲಿಯೂ ಉರಿಯುತ್ತಿರುವುದನ್ನು ನಾನು ಓದಿದ್ದೆ. ವಿಷಯ ಸಿಕ್ಕಿತೆಂಬ ಉತ್ಸಾಹದಲ್ಲಿ, ಎದುರಿಗೆ ಕುಳಿತದ್ದು ನೀವಲ್ಲ ಎಂಬುದನ್ನೇ ಮರೆತು ಪೂರ್ವಪಕ್ಷವನ್ನು ಆರಂಭಿಸಿಬಿಟ್ಟೆ. ಕಾರು ನಿನ್ನದಲ್ಲ, ಚಕ್ರ ನಿನ್ನದಲ್ಲ. ಆಸನವನ್ನು ಸ್ವೀಕರಿಸಿದಾಗಲೇ ತಂಡದ ಸಂಕಲ್ಪವನ್ನೂ ಸ್ವೀಕರಿಸಿದೆ. ಯಜ್ಞದಲ್ಲಿ ಋತ್ವಿಜನು ಫಲವನ್ನು ಯಜಮಾನನಿಗೆ ಬಿಟ್ಟುಕೊಡುವುದಿಲ್ಲವೇ? ಹಾಗೆಯೇ ನೀನೂ... ಅರ್ಧ ತಾಸು ಮಾತಾಡಿದೆ. ಅವಳು ಮಂಡಿಯ ಮೇಲೆ ಗದ್ದವನ್ನೂರಿ ಕೇಳಿದಳು. ಸೂರ್ಯಾಸ್ತವಾಗುತ್ತಿತ್ತು, ಉಳಿದದ್ದು ಆಮೇಲೆ ಎಂದುಕೊಂಡು ನಾನು ಸಂಧ್ಯಾವಂದನೆಗೆ ಎದ್ದೆ.

ಅರ್ಘ್ಯವನ್ನು ಕೊಟ್ಟು, ಜಪ ಮುಗಿಸಿ ಬರುವಷ್ಟರಲ್ಲಿ ಅವಳಿರಲಿಲ್ಲ. “ಎಲ್ಲಿ ಹೋದಳು?” ಎಂದರೆ ಅಕ್ಕ ಕೆಳಗಿನಿಂದಲೇ ಕೂಗಿದಳು: “ತಾತ ಹೇಳಿಯಾಯ್ತು ಅಜ್ಜಿ ಅಂದ್ಳು, ಬ್ಯಾಗ್ ತೊಗೊಂಡು ಕ್ಯಾಬ್ ಹತ್ತಿದ್ಳು. ಏನೋ ಹೇಳಿದ್ದೆ ನೀನು? ಮುಖ ಇಷ್ಟು ಮಾಡ್ಕೊಂಡಿದ್ಳು!” ಫೋನ್ ಮಾಡಬಹುದಿತ್ತು, ಭಾವ. ಮಾಡಲಿಲ್ಲ. ಮಾಡಿ ಏನು ಹೇಳುವುದು? ಸಂಧ್ಯಾವಂದನೆಯ ನಡುವೆ ಸಿದ್ಧಾಂತವನ್ನು ಜೋಡಿಸಿಕೊಳ್ಳಲು ಹೊರಟ ನನಗೆ ನನ್ನ ಪೂರ್ವಪಕ್ಷಕ್ಕೆ ಒಂದು ಖಂಡನೆಯೂ ದೊರೆತಿರಲಿಲ್ಲ.

ಮರುದಿನ ಅಕ್ಕನ ಮೊಬೈಲಿನಲ್ಲಿ ನಾವಿಬ್ಬರೂ ಓಟವನ್ನು ನೋಡಿದೆವು. ಕೊನೆಯ ಸುತ್ತಿನವರೆಗೂ ಮೇದಿನಿಯೇ ಮುಂದು. ಉದ್ದನೆಯ ನೇರ ದಾರಿಯಲ್ಲಿ ಅವಳ ಕಾರು ಒಮ್ಮೆಲೇ ಮಂದವಾಗಿ ಪಕ್ಕಕ್ಕೆ ಸರಿಯಿತು. ಅರುಳನ ಕಾರು ದಾಟಿಹೋಯಿತು. “ಅಯ್ಯೋ, ಕೆಟ್ಟೋಯ್ತೇನೋ!” ಎಂದು ಅಕ್ಕ ಎದೆಯ ಮೇಲೆ ಕೈಯಿಟ್ಟಳು. ಕೆಟ್ಟಿರಲಿಲ್ಲವೆಂದು ನನಗೆ ಮಾತ್ರ ತಿಳಿದಿತ್ತು. ಸಂಜೆ ಅವಳು ಎರಡನೆಯ ಸ್ಥಾನದ ಬಟ್ಟಲನ್ನು ನನ್ನ ಕಾಲ ಬಳಿಯಿರಿಸಿ, “ನೀವು ಹೇಳ್ದ ಹಾಗೇ ಮಾಡ್ದೆ ತಾತಾ” ಎಂದು ನಮಸ್ಕರಿಸಿದಳು. ದೀರ್ಘಾಯುಷ್ಮತೀ ಭವ ಎಂದೆ.

ಎರಡು ವಾರ ಸತ್ಯವನ್ನು ಮುಚ್ಚಿಟ್ಟು, ಕೊನೆಯ ಓಟದ ಹಿಂದಿನ ದಿನ ನಾನೇ ಮೆಟ್ಟಿಲಿಳಿದು ಹೋಗಿ ಅವಳಿಗೆ ಎಲ್ಲವನ್ನೂ ತಿಳಿಸಿದೆ. ಅಂದು ಹೇಳಿದ್ದು ನನ್ನ ಮತವಲ್ಲ, ಪೂರ್ವಪಕ್ಷ ಮಾತ್ರ ಎಂದೆ.

“ಅಂದ್ರೆ... ನಾನು ಇಂಟರ್ವಲ್‌ನಲ್ಲೇ ಎದ್ದುಹೋದೆ ಅನ್ನಿ.”

“ಹಾಗೇ ಅಂದುಕೋ ತಾಯಿ.”

“ಎನ್ನ ತಾತಾ ಇದು! ಒಂದ್ ಮಾತು ಮೊದಲೇ ಹೇಳ್ಬಾರ್ದಿತ್ತಾ?” ನಕ್ಕಳು, ಕಣ್ಣನ್ನೂ ಒರೆಸಿಕೊಂಡಳು. “ಸರಿ, ಸೆಕೆಂಡ್ ಹಾಫ್ ಈಗ ಹೇಳಿ. ನಾಳೆಗೂ ಅದೇ ಆರ್ಡರ್ ಇದೆ.”

“ಅದು ನನಗೇ ಗೊತ್ತಾಗ್ತಾ ಇಲ್ಲ.”

“ನಿಮಗೇ?” ಎಂದಳು. ಆ ಒಂದು ಪದದಲ್ಲಿದ್ದ ನಿರಾಶೆಯನ್ನು ನಾನು ವರ್ಣಿಸಲಾರೆ. ಶೂವಿನ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದಳು. “ಪರವಾಯಿಲ್ಲೆ ತಾತಾ. ಬಂದು ನೋಡಿ, ಅಷ್ಟು ಸಾಕು.”

ಬೆಂಗಳೂರು ಹೆದ್ದಾರಿಯ ಕಡೆಯ ಆ ಓಟದ ಅಂಗಳಕ್ಕೆ ಹಿಂದೆ ನೀವೂ ನಾನೂ ಛತ್ರಿ ಹಿಡಿದು ಹೋಗುತ್ತಿದ್ದೆವು. ನೀವಿಲ್ಲದೆ ನಾನು ಅಲ್ಲಿಗೆ ಹೋದದ್ದು ಇದೇ ಮೊದಲು. ಬಿಸಿಲು ಸುಡುತ್ತಿತ್ತು. ಕೊನೆಯ ಸುತ್ತು, ಅವಳು ಮುಂದು, ಅರುಳ್ ಹಿಂದೆ, ಎದುರಿಗೆ ಅದೇ ನೇರ ದಾರಿ. ಜಗಲಿಯಂತಹ ಆ ಸಿಮೆಂಟಿನ ಮೆಟ್ಟಿಲಿನಿಂದ ಯಾವಾಗ ಎದ್ದುನಿಂತೆನೋ ತಿಳಿಯದು. ಎಂಬತ್ತಕ್ಕೆ ಎರಡು ಕಡಿಮೆಯಿರುವ, ಸಭೆಯಲ್ಲಿ ಎಂದೂ ದನಿಯೇರಿಸದ ನಾನು, “ಬಿಡಬೇಡ ಕಣೇ! ಬಿಡಬೇಡ!” ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಪಕ್ಕದವರು ಬೆರಗಾಗಿ, “ಉಂಗ ಪೇತ್ತಿಯಾ ಸಾರ್?” ಎಂದು ತಮಿಳಿನಲ್ಲಿ, ನಿಮ್ಮ ಮೊಮ್ಮಗಳೇ ಎಂದು, ಕೇಳಿದರು. “ನಮ್ಮ ಭಾವನವರ ಮೊಮ್ಮಗಳು” ಎಂದು ಕನ್ನಡದಲ್ಲಿಯೇ ಉತ್ತರಿಸಿದೆ.

ಅವಳು ಬಿಡಲಿಲ್ಲ, ಭಾವ. ನಿಮ್ಮ ಮೊಮ್ಮಗಳು ಗೆದ್ದಳು! ಆ ಒಂದು ಸ್ಥಾನದಿಂದಲೇ ಅರುಳನಿಗೆ ವರ್ಷದ ಪ್ರಶಸ್ತಿ ತಪ್ಪಿತು. ಅವನು ಹೆಲ್ಮೆಟ್ ತೆಗೆಯದೆಯೇ ಒಳಗೆ ನಡೆದುಹೋದುದನ್ನು ನಾನು ಕಂಡೆ. ಮುಂದಿನ ವರ್ಷ ಮೇದಿನಿಗೆ ಕಾರು ಕೊಡುವುದಿಲ್ಲವೆಂದು ತಂಡದವರು ಅಲ್ಲಿಯೇ ತಿಳಿಸಿದರು. ಒಬ್ಬಳ ಗೆಲುವು, ಒಬ್ಬನ ಸೋಲು, ಒಂದು ಮಾತಿನ ಉಲ್ಲಂಘನೆ. ಇದರಲ್ಲಿ ಧರ್ಮ ಯಾವ ಕಡೆಗಿತ್ತು? ಆ ಕೂಗು ನನ್ನ ಸಿದ್ಧಾಂತವೋ, ಕೇವಲ ಮಮಕಾರವೋ? ಅಧ್ಯಯನವೆಲ್ಲ ಏನಾಯಿತು ಎಂದು ನೀವು ಕೇಳಿದರೆ...

ಹಿಂದಿರುಗುವಾಗ ಕ್ಯಾಬಿನಲ್ಲಿ, ನನ್ನ ಕೂಗು ಕೇಳಿಸಿತೇ ಎಂದೆ. “ಹೆಲ್ಮೆಟ್ ಒಳಗೆ ಏನ್ ಕೇಳತ್ತೆ ತಾತಾ? ಏನ್ ಕೂಗಿದ್ರಿ?” ಎಂದಳು. ನಾನು ಕಿಟಕಿಯಾಚೆ ನೋಡಿದೆ. ಪುನಃ ಅದೇ ಹೇಡಿತನ.

ಬರುವ ಶುಕ್ರವಾರ ಕೊಯಮತ್ತೂರಿನ ಒಂದು ಚಿಕ್ಕ ತಂಡದವರು ಅವಳನ್ನು ಕಾರು ಓಡಿಸುವ ಪರೀಕ್ಷೆಗೆ ಕರೆದಿದ್ದಾರೆ. ಅಲ್ಲಿಯೂ ಅದೇ ಕರಾರು: ಹೇಳಿದಾಗ ದಾರಿ ಬಿಡಬೇಕು. ಸಹಿ ಹಾಕಬೇಕೋ ಬೇಡವೋ ಎಂದು ಅವಳಿಗೆ ತೋಚುತ್ತಿಲ್ಲ. ಬೆಳಗಿನ ರೈಲಿನಲ್ಲಿ ನಾನೂ ಜೊತೆಗೆ ಹೋಗುತ್ತಿದ್ದೇನೆ. ರೈಲು ಜೋಲಾರಪೇಟೆಯನ್ನು ದಾಟುವುದರೊಳಗೆ, ಅಂದು ನಾನು ಕೂಗಿದ್ದೇನೆಂಬುದನ್ನು ಅವಳಿಗೆ ಹೇಳುತ್ತೇನೆ. ಇದು ನಿಮಗೆ ನಾನು ಕೊಡುವ ಮಾತು. ಆ ಕೂಗಿಗೆ ಶಾಸ್ತ್ರದ ಪ್ರಮಾಣವೇನು ತಾತಾ ಎಂದು ಅವಳು ಕೇಳಿದರೆ, ಯಾವುದೂ ಇಲ್ಲ ಎನ್ನುತ್ತೇನೆ.