ಅಳತೆಯ ದಾರ

ಯಲಬುರ್ಗಾ, ೧೯೩೮

ಗಂಗಾವತಿಯ ಟೊಪಿಗೆ ವ್ಯಾಪಾರಿ ಮೆಹಬೂಬಸಾಹೇಬರಿಗೆ ಓಬಳೆಪ್ಪನ ಶರಣು.

ಅಳಿಯನಿಗೆಂದು ಹೇಳಿ ಮಾಡಿಸಿದ ಕರಿ ಫೆಲ್ಟ್ ಟೊಪಿಗೆ ಮುಟ್ಟಿತು. ಹೆಬ್ಬೆರಳಿನಿಂದ ಒತ್ತಿ ನೋಡಿದೆ, ತಗ್ಗು ನಿಲ್ಲಲಿಲ್ಲ. ಒದ್ದೆ ಬಟ್ಟೆಯಿಂದ ತಿಕ್ಕಿದೆ, ಬಣ್ಣ ಬಿಡಲಿಲ್ಲ. ಒಳಗಿನ ಚರ್ಮದ ಪಟ್ಟಿಯ ಹೊಲಿಗೆಯೂ ಗಟ್ಟಿಯಾಗಿದೆ. ಮಾಲಿನಲ್ಲಿ ಏನೂ ಕುಂದಿಲ್ಲ. ಆದರೂ ಹಿಂದಕ್ಕೆ ಕಳಿಸುತ್ತಿದ್ದೇನೆ. ಅದೇ ಅಳತೆಯ ತಲೆಯವರು ಯಾರಾದರೂ ಬಂದರೆ ಕೊಟ್ಟುಬಿಡಿ. ನನಗೆ ಹಣ ತಿರುಗಿ ಕೊಡುವುದು ಬೇಡ.

ಟೊಪಿಗೆ ಬಂದ ಮರುದಿನವೇ ಕುಷ್ಟಗಿಯಿಂದ ಸುದ್ದಿ ಬಂತು. ನನ್ನ ಮಗಳು ಮಾರೆವ್ವನನ್ನು ಮದುವೆಯಾಗಬೇಕಿದ್ದ ತಿಮ್ಮಣ್ಣ ವಾಂತಿಭೇದಿಯಿಂದ ತೀರಿಕೊಂಡ.

ಅಳತೆಗೆಂದು ನಿಮಗೆ ಕೆಂಪು ದಾರ ಕಳಿಸಿದ್ದೆನಲ್ಲ, ಅದು ಮಗಳು ತನ್ನ ಸೀರೆಯ ಸೆರಗಿನಿಂದ ಎಳೆದು ಕೊಟ್ಟದ್ದು. ನಾನೇ ಕುಷ್ಟಗಿಗೆ ಹೋಗಿ ಹುಡುಗನ ತಲೆಗೆ ಸುತ್ತಿದ್ದೆ. "ಒಂದ್ ಬೆರಳು ಸಡ್ಲ ಇರ್ಲಿ ಮಾವಾರ, ಕೂದ್ಲ ಬೆಳಿತಾವ" ಎಂದು ನಕ್ಕಿದ್ದ. ಅವನು ಹೇಳಿದಲ್ಲಿಗೇ ಗಂಟು ಹಾಕಿದೆ.

ಮಗಳು ಅವನ ಮುಖ ನೋಡಿರಲಿಲ್ಲ. ಟೊಪಿಗೆಯನ್ನಾದರೂ ಇಟ್ಟುಕೋ ಎಂದೆ. "ಯಪ್ಪಾ, ಅದನ್ನ ಅವ್ರು ತಲಿಗೆ ಇಟ್ಟಿಲ್ಲ. ದಾರ ತರಸು" ಎಂದಳು.

ಆದ್ದರಿಂದ ಈ ಕಾಗದ. ದಾರವನ್ನು ಬಿಸಾಕಿರದಿದ್ದರೆ, ಟೊಪಿಗೆ ತಂದ ಗಾಡಿಯವನ ಕೈಯಲ್ಲೇ ಕೊಟ್ಟು ಕಳಿಸಿ. ಅಂಗಡಿಯಲ್ಲಿ ಬೇರೆ ದಾರಗಳ ಜೊತೆ ಸಿಕ್ಕುಬಿದ್ದಿದ್ದರೆ ಎಲ್ಲವನ್ನೂ ಹಾಗೆಯೇ ಕಳಿಸಿ, ನಾವೇ ಬಿಡಿಸಿಕೊಳ್ಳುತ್ತೇವೆ. ಗಂಟು ಮಾತ್ರ ಬಿಚ್ಚಬೇಡಿ. ಬಿಚ್ಚಿದರೆ ಅದು ಬರೀ ಅವಳ ಸೀರೆಯ ದಾರ.

ನಿಮ್ಮವ,
ಓಬಳೆಪ್ಪ